ಕುದಿಸಿದ ಹೆಪ್ಪು

ಹೊಲಸಿಗೆ ಹೆದರುವವನ ಬೆನ್ನ ಹಿಂದೆಯೇ ಹೊಲಸು ಬರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಮೂವತ್ತೊಂದು ವರ್ಷ ಸೂಕ್ಷ್ಮಜೀವಿಗಳನ್ನು ಬಾಗಿಲ ಹೊರಗೆ ನಿಲ್ಲಿಸುವ ನೌಕರಿ ಮಾಡಿದವನು. ಆದ್ದರಿಂದ ಫಜೀತಿಗಳು ನನ್ನ ಬೆನ್ನು ಬಿಡಲೇ ಇಲ್ಲ. ನಿವೃತ್ತನಾಗಿ ವರ್ಷವಾಯಿತು, ಇನ್ನೂ ಬಿಟ್ಟಿಲ್ಲ.

ನೌಕರಿ ಇದ್ದದ್ದು ಪುಣೆಯ ಸಾಸವಡ ರಸ್ತೆಯ ಒಂದು ಪ್ರಯೋಗಶಾಲೆಯಲ್ಲಿ. ಒಳ್ಳೆಯ ಗಿಡದ ಚಿಗುರಿನ ತುದಿ ಕತ್ತರಿಸಿ, ಗಾಜಿನ ಬಾಟಲಿಯೊಳಗೆ ಸಕ್ಕರೆ ಹಾಕಿದ ಜೆಲ್ಲಿಯ ಮೇಲೆ ಕೂರಿಸಿ, ಒಂದರಿಂದ ಸಾವಿರ ಮರಿಗಿಡ ಮಾಡುವ ಜಾಗ ಅದು. ಸಕ್ಕರೆ ಇದ್ದಲ್ಲಿ ಇರುವೆ ಮಾತ್ರವಲ್ಲ, ಬೂಷ್ಟೂ ಬರುತ್ತದೆ. ಒಂದು ಕಣ ಒಳಗೆ ಬಿದ್ದರೆ ಮೂರು ದಿನದಲ್ಲಿ ಬಾಟಲಿ ತುಂಬ ಹತ್ತಿ ಬೆಳೆದಂತೆ ಬೆಳೆದು ಗಿಡ ಸಾಯುತ್ತದೆ. ಅದಕ್ಕೇ ಒಳಗೆ ಹೋಗುವ ಪ್ರತಿ ವಸ್ತುವೂ ಆಳೆತ್ತರದ ಒಂದು ಹಬೆಯಂತ್ರದಲ್ಲಿ ಬೆಂದು ಹೋಗಬೇಕು. ನಾವೆಲ್ಲ ಅದನ್ನು ಕುಕ್ಕರ್ ಎಂದೇ ಕರೆಯುತ್ತಿದ್ದೆವು. ಪೊಟ್ಟಣಕ್ಕೆ ಬಿಳಿ ಟೇಪು ಅಂಟಿಸಿ ಕುಕ್ಕರಿಗೆ ಹಾಕಿದರೆ, ಹಬೆ ತಾಗಿದ ಟೇಪಿನ ಮೇಲೆ ಕರಿ ಗೆರೆ ಮೂಡುತ್ತವೆ. ಗೆರೆ ಮೂಡಿದ ಮೇಲೆ ನಾನು ತಾರೀಖು ಬರೆದು ಸಹಿ ಮಾಡಬೇಕು. ನನ್ನ ಸಹಿ ಇಲ್ಲದೆ ಅಲ್ಲಿ ಒಂದು ಹತ್ತಿ ಉಂಡೆಯೂ ಒಳಗೆ ಹೋಗುತ್ತಿರಲಿಲ್ಲ.

ಈ ಪ್ರಸಂಗಗಳನ್ನು ಹೇಳಿದಾಗಲೆಲ್ಲ ಜನ ಬಿದ್ದು ಬಿದ್ದು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನಡುವಿನ ಒಂದೆರಡನ್ನು ಇಷ್ಟು ದಿನ ಹಾರಿಸಿ ಹೇಳುತ್ತಿದ್ದೆ. ಈಗ ಹಾರಿಸುವುದಿಲ್ಲ.

೧. ಬೆನ್ನುನೋವು

ಪ್ರಯೋಗಶಾಲೆಯ ಸ್ವಚ್ಛ ಕೋಣೆಗೆ ಹೋಗುವವರು ಮೊಣಕೈವರೆಗೆ ಕೈ ತೊಳೆದು, ಕೈ ಮೇಲೆತ್ತಿ, ಬಾಗಿಲನ್ನು ಬೆನ್ನಿನಿಂದ ನೂಕಿ ಹಿಮ್ಮುಖವಾಗಿ ಒಳಗೆ ಹೋಗಬೇಕು. ವರ್ಷಗಟ್ಟಲೆ ಹಾಗೆ ಮಾಡಿ ನನಗೆ ಬಾಗಿಲು ಕಂಡರೆ ಸಾಕು, ಬೆನ್ನು ತಾನಾಗಿ ತಿರುಗುತ್ತಿತ್ತು.

ಕೋಥರೂಡದಲ್ಲಿ ನಮ್ಮ ಎದುರು ಮನೆಯವರು ಸತ್ಯನಾರಾಯಣ ಪೂಜೆಗೆ ಕರೆದಿದ್ದರು. ನಾನು ಕೈ ತೊಳೆದುಕೊಂಡು ಹೋದೆ. ಅವರ ಬಾಗಿಲು ಅರೆ ತೆರೆದಿತ್ತು. ಕೈ ಮೇಲೆತ್ತಿ, ಬೆನ್ನಿನಿಂದ ಬಾಗಿಲು ನೂಕಿ, ಹಿಮ್ಮುಖವಾಗಿ ದೇವರ ಮುಂದೆ ಹೋಗಿ ನಿಂತೆ. ಭಟ್ಟರ ಮಂತ್ರ ನಿಂತಿತು. ನನ್ನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮರುದಿನ ಆ ಮನೆಯ ಅಜ್ಜಿ ಪ್ರಸಾದದ ಶಿರಾ ಜೊತೆಗೆ ಒಂದು ಎಣ್ಣೆ ಸೀಸೆ ತಂದುಕೊಟ್ಟರು. "ಅಹೋ, ಪಾಠ ದುಖತೇಯ ಕಾ?" ಬೆನ್ನು ನೋಯುತ್ತದೆಯೇ ಎಂದು ಕನಿಕರದಿಂದ ಕೇಳಿದರು. ಇಲ್ಲ ಎಂದೆ. ಅಜ್ಜಿ ನನ್ನ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿ, "ಹಾಗಾದರೆ ಎಣ್ಣೆ ತಲೆಗೆ ಹಚ್ಚು" ಎಂದರು.

೨. ಗಂಡ ಇದ್ದಾನೋ ಇಲ್ಲೋ

ಸ್ವಚ್ಛ ಕೋಣೆಯಲ್ಲಿ ಗಿಡ ಕತ್ತರಿಸುವ ಕೆಲಸಕ್ಕೆ ಒಬ್ಬ ಹೆಣ್ಣುಮಗಳು ಬಂದಳು. ಯಾದಗಿರಿ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಆಮೇಲೆ ಗಂಡನಿಗೆ ನಮ್ಮ ಗೇಟಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿ, ಆಕೆಯೂ ಅರ್ಜಿ ಕೊಟ್ಟಿದ್ದಳು. ಕೈ ಚುರುಕು, ಕಣ್ಣು ಚುರುಕು. ನಮ್ಮ ಕಡೆಯ ಮಾತು ಕೇಳಿ ನನಗೆ ಖುಷಿಯೂ ಆಯಿತು. ಖುಷಿಯಲ್ಲೇ ನಿಯಮ ಹೇಳಿದೆ: "ಬಳಿ ತೆಗೀಬೇಕು. ಹೂವು ತೆಗೀಬೇಕು. ಕುಂಕುಮ ಒರಸಬೇಕು. ತಾಳಿ ಹೊರಗ ಇಟ್ಟು ಬರಬೇಕು."

ಆಕೆ ತಾಳಿಯನ್ನು ಕೈಯಲ್ಲಿ ಹಿಡಿದು ಗೇಟಿನ ಕಡೆ ನೋಡಿದಳು.

"ಸರ್ರ, ನನ್ನ ಗಂಡ ಈಗಷ್ಟ ಗೇಟಿನ್ಯಾಗ ಕುಂತು ಚಹಾ ಕುಡಿಯಾಕತ್ತಿದ್ದ. ಓಡಿ ಹೋಗಿ ನೋಡಿ ಬರ್ಲೇನ್ರಿ, ಇದ್ದಾನೋ ಇಲ್ಲೋ ಅಂತ?"

ಆಕೆಯನ್ನು ಶೆಡ್ಡಿಗೆ ಕಳಿಸಿದೆವು. ಬಾಟಲಿಯಿಂದ ತೆಗೆದ ಮರಿಗಿಡಗಳನ್ನು ಟ್ರೇಯಲ್ಲಿ ನೆಟ್ಟು, ಹೊರಗಿನ ಗಾಳಿ ಬಿಸಿಲಿಗೆ ಹದಗೊಳಿಸುವ ಹಸಿರು ಬಲೆಯ ಶೆಡ್ಡು ಅದು. ಅಲ್ಲಿ ಬಳೆಗೂ ಹೂವಿಗೂ ಅಡ್ಡಿಯಿಲ್ಲ. ಹತ್ತು ವರ್ಷದಲ್ಲಿ ಆಕೆ ಆರು ಹೆಣ್ಣುಮಕ್ಕಳ ಆ ಶೆಡ್ಡಿನ ಯಜಮಾನಿಯಾದಳು. ಮರಾಠಿಯವರಿಗೆ ಮಾವಶಿ, ನನಗೆ ಅಕ್ಕ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು, ಆದರೆ ಆ ಮಾತಿನ ಮುಂದೆ ಅಕ್ಕ ಅನ್ನದೆ ಗತ್ಯಂತರವಿರಲಿಲ್ಲ.

೩. ಹಣೆಯ ಮೇಲೆ ಬರೆದಿದೆಯೇನು

ನಮ್ಮಲ್ಲಿ ಹೆಚ್ಚು ತಯಾರಾಗುತ್ತಿದ್ದದ್ದು ದಾಳಿಂಬೆ. ಬಾಟಲಿಯಲ್ಲಿ ಇದ್ದಷ್ಟು ದಿನ ರಾಜಕುಮಾರನಂತೆ ಇರುತ್ತದೆ. ಶೆಡ್ಡಿಗೆ ಬಂದ ಎರಡು ವಾರದಲ್ಲಿ ಅರ್ಧಕ್ಕರ್ಧ ಕೊಳೆತೋ ಒಣಗಿಯೋ ಸಾಯುತ್ತಿತ್ತು. ಸತ್ತ ಟ್ರೇ ಎತ್ತಿಕೊಂಡು ಅಕ್ಕ ನನ್ನ ಕಿಟಕಿಗೆ ಬರುತ್ತಿದ್ದಳು.

"ನೋಡ್ರಿ ನಿಮ್ಮ ಮಕ್ಕಳನ್ನ. ಬಿಸಲು ಕಂಡಿಲ್ಲ, ಗಾಳಿ ಕಂಡಿಲ್ಲ, ಹುಟ್ಟಿದಾಗಿಂದ ಒಂದು ನೆಗಡಿ ಬಂದಿಲ್ಲ. ಹೊಸ್ತಿಲಾ ದಾಟಿದ ಕೂಡ್ಲೆ ಬಿದ್ದು ಸಾಯ್ತಾವ. ಹಿಂಗ್ಯಾಕ ಬೆಳಸ್ತೀರಿ?"

"ನಾ ಕೊಟ್ಟಾಗ ಗಟ್ಟಿ ಇದ್ದವು. ಕೊಂದವರು ನೀವು" ಎಂದು ನಾನು ಕಿಟಕಿ ಮುಚ್ಚುತ್ತಿದ್ದೆ.

ಒಮ್ಮೆ ಕೃಷಿ ತಜ್ಞರೊಬ್ಬರು ಬಂದು ಒಳ್ಳೆಯ ಜೀವಾಣುಗಳ ಬಗ್ಗೆ ಪಾಠ ಮಾಡಿದರು. ಬೇರಿಗೆ ಅಂಟಿಕೊಂಡು ನೀರು, ಗೊಬ್ಬರ ಎಳೆದುಕೊಡುವ ಶಿಲೀಂಧ್ರ, ಕೊಳೆರೋಗವನ್ನು ತಡೆಯುವ ಬ್ಯಾಕ್ಟೀರಿಯಾ, ಇವುಗಳ ಪುಡಿಯನ್ನು ನೆಡುವಾಗಲೇ ಬೇರಿಗೆ ಕೊಟ್ಟರೆ ಮರಿಗಿಡ ತಡೆದುಕೊಳ್ಳುತ್ತದೆ ಎಂದರು. ಅಕ್ಕ ಮುಂದಿನ ಸಾಲಿನಲ್ಲಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ನನಗೆ ಮೈ ಉರಿಯಿತು. ಎದ್ದು ನಿಂತು ಮರಾಠಿಯಲ್ಲಿ ಕೇಳಿದೆ: "ನಾನು ಇಷ್ಟು ವರ್ಷ ಕತ್ತು ಹಿಡಿದು ಹೊರಗೆ ದಬ್ಬಿದವರನ್ನು ನೀವು ಆರತಿ ಮಾಡಿ ಒಳಗೆ ಕರೆಯುತ್ತೀರಾ? ಒಳ್ಳೆಯವರು ಅಂತ ಅವರ ಹಣೆಯ ಮೇಲೆ ಬರೆದಿದೆಯೇ?"

ಎಲ್ಲರೂ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಎದ್ದು ಮಾಲಕರಿಗೆ ತನ್ನ ಹರಕು ಮುರುಕು ಮರಾಠಿಯಲ್ಲೇ ಹೇಳಿದಳು: ಒಂದು ಬೆಂಚಿನ ಗಿಡ ನನಗೆ ಕೊಡಿ, ಮಾಡಿ ತೋರಿಸುತ್ತೇನೆ.

ಮಾಲಕರಿಗೆ ಆಗಲೇ ಶೆಡ್ಡು ಸಾಕಾಗಿತ್ತು. ಗಿಡಗಳನ್ನು ಬಾಟಲಿ ಸಮೇತ ನರ್ಸರಿಯವರಿಗೆ ಕೊಟ್ಟುಬಿಟ್ಟರೆ ಸತ್ತದ್ದು ಬದುಕಿದ್ದು ಅವರ ತಲೆನೋವು ಎಂಬ ಲೆಕ್ಕ ಅವರದು. "ಒಂದು ಸಲ ಮಾಡಿ ನೋಡಿ. ಗಿಡ ನಿಂತರೆ ಶೆಡ್ಡು ಇರುತ್ತದೆ. ಇಲ್ಲವಾದರೆ ಮುಚ್ಚುತ್ತೇನೆ" ಎಂದರು. ಆರು ಮಂದಿಯ ಶೆಡ್ಡು ಒಂದು ಬೆಂಚಿನ ಮೇಲೆ ಬಂದು ನಿಂತಿತು.

ಹೊರಗೆ ಬರುವಾಗ ಅಕ್ಕ ನನ್ನ ಪಕ್ಕ ನಡೆಯುತ್ತ ಕೇಳಿದಳು: "ಸರ್ರ, ನೀವು ಒಳ್ಳ್ಯಾರು ಅಂತ ನಿಮ್ಮ ಹಣಿ ಮ್ಯಾಲ ಎಲ್ಲಿ ಬರದದ?"

೪. ಉಪಕಾರ

ಪುಡಿ ತರಿಸಲು ಹೇಳಿದ್ದಾಯಿತು. ಆಷಾಢ ಏಕಾದಶಿಗೆ ಮುಂಚಿನ ದಿನಗಳು. ವಿಠೋಬನ ದರ್ಶನಕ್ಕೆ ನಡೆದು ಹೋಗುವವರ ಪಾಲಖಿ ಪುಣೆಯಿಂದ ಸಾಸವಡಕ್ಕೆ ಹೊರಟಿತ್ತು. ಅಕ್ಕ ಪ್ರತಿ ವರ್ಷ ಅದರ ಜೊತೆ ಘಟ್ಟ ಹತ್ತಿ ಸಾಸವಡದವರೆಗೆ ನಡೆಯುವವಳು. "ಈ ಸಲ ಬೇಡಿಕೋಳೋದು ಭಾಳ ಅದ್ರಿ" ಎಂದು ಎರಡು ದಿನ ರಜೆ ಹಾಕಿದಳು. ಹೋಗುವಾಗ ನನಗೆ ಹೇಳಿದಳು: "ಪುಡಿ ಬಂದ್ರ ಇಸಕೊಂಡು ಇಡ್ರಿ ಸರ್ರ. ನಿಮ್ಮ ಕೈಯಾಗ ಇದ್ರ ನನಗ ಚಿಂತಿ ಇಲ್ಲ."

ಅವಳು ಹೋದ ದಿನವೇ ಪುಡಿ ಬಂತು. ಕಂದು ಬಣ್ಣ, ಸೆಗಣಿ ವಾಸನೆ. ಸಭೆಯಲ್ಲಿ ಹಾಗೆ ಮಾತಾಡಿದ್ದಕ್ಕೆ ನನಗೂ ಒಳಗೊಳಗೆ ಇರಿಸುಮುರುಸು. ಅಕ್ಕನಿಗೆ ಒಂದು ಉಪಕಾರ ಮಾಡೋಣ ಎನ್ನಿಸಿತು. ಶೆಡ್ಡಿಗೆ ಹೋಗುವ ತೆಂಗಿನ ನಾರಿನ ಪುಡಿಯನ್ನು ದಿನವೂ ಹೇಗೆ ಸಿದ್ಧ ಮಾಡುತ್ತಿದ್ದೆನೋ ಹಾಗೆಯೇ ಇದನ್ನೂ ಮಾಡಿದೆ. ಗಂಟು ಒಡೆದು, ಜರಡಿ ಹಿಡಿದು, ಬಟ್ಟೆ ಚೀಲಕ್ಕೆ ತುಂಬಿ, ಟೇಪು ಅಂಟಿಸಿ, ಕುಕ್ಕರಿಗೆ ಹಾಕಿ, ಆರಿಸಿ, ಸಹಿ ಮಾಡಿ ಅವಳ ಮೇಜಿನ ಮೇಲೆ ಇಡಿಸಿದೆ. ಎರಡನೆಯ ಸಲ ಯೋಚಿಸಲಿಲ್ಲ. ಮೊದಲನೆಯ ಸಲವೂ ಯೋಚಿಸಿರಲಿಲ್ಲ. ಕೈ ಮಾಡಿತು, ತಲೆ ರಜೆಯಲ್ಲಿತ್ತು.

ಅಕ್ಕ ಬಂದು ಚೀಲ ಮೂಸಿ ನೋಡಿದಳು. "ಎಷ್ಟ ಹಸನ ಮಾಡೀರಿ ಸರ್ರ, ವಾಸನೀನ ಇಲ್ಲ. ನಿಮ್ಮ ಉಪಕಾರ ಮರಿಯಂಗಿಲ್ಲ" ಎಂದು ಪಾಲಖಿಯಿಂದ ತಂದಿದ್ದ ವಿಠೋಬನ ಕರಿ ಬುಕ್ಕಿಟ್ಟನ್ನು ನನ್ನ ಹಣೆಗೇ ಹಚ್ಚಲು ಬಂದಳು. ನಾನು ಮೂರು ಹೆಜ್ಜೆ ಹಿಂದೆ ಸರಿದು ಓಡಿದೆ.

೫. ಅಷ್ಟು ಸ್ವಚ್ಛ ಪ್ಲೇಟು

ಗಿಡಗಳು ಸತ್ತವು. ಮೊದಲಿಗಿಂತ ಹೆಚ್ಚೇ ಸತ್ತವು. ಜೀವಾಣುಗಳು ಕಾಯುತ್ತವೆ ಎಂದು ನಂಬಿ ಅಕ್ಕ ಯಾವಾಗಲೂ ಹಾಕುವ ಬೂಷ್ಟಿನ ಔಷಧಿಯನ್ನೂ ಆ ಬೆಂಚಿಗೆ ಹಾಕಿರಲಿಲ್ಲ. ಎರಡನೆಯ ವಾರ ಆಕೆ ಬೆಂಚಿನ ಪಕ್ಕ ನೆಲದ ಮೇಲೆ ಕೂತು ಒಂದೊಂದೇ ಗಿಡ ಕಿತ್ತು ಬೇರು ನೋಡುತ್ತಿದ್ದಳು. ನಾನು ಹೋಗಿ ಸಮಾಧಾನ ಮಾಡಿದೆ ಅಂದುಕೊಂಡೆ. ನಿಜವಾಗಿ ಆಡಿದ ಮಾತು, "ನಾ ಮೊದಲ ಹೇಳಿದ್ದೆ."

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪುಡಿಯವನು ಮೋಸಗಾರ ಎಂದು ಸಾಬೀತು ಮಾಡಲು ಹೊರಟೆ. ಚೀಲದಲ್ಲಿ ಉಳಿದಿದ್ದ ಪುಡಿಯನ್ನು ಜೆಲ್ಲಿ ಪ್ಲೇಟುಗಳ ಮೇಲೆ ಉದುರಿಸಿ ಐದು ದಿನ ಇಟ್ಟೆ. ಒಂದು ಚುಕ್ಕೆಯೂ ಬೆಳೆಯಲಿಲ್ಲ. ಅಷ್ಟು ಸ್ವಚ್ಛ ಪ್ಲೇಟು ನಾನು ನೌಕರಿಯಲ್ಲೇ ನೋಡಿರಲಿಲ್ಲ. ಹೆಮ್ಮೆಯಿಂದ ಮಾಲಕರಿಗೆ ತೋರಿಸಿದೆ: "ನೋಡಿ ಸಾಹೇಬರೇ, ಇದರಲ್ಲಿ ಜೀವಾಣು ಎಂಬ ಹೆಸರೇ ಇಲ್ಲ!" ವರದಿ ಬರೆದೆ. ಪುಡಿಯವನು ಫೋನಿನಲ್ಲಿ ದೇವರ ಆಣೆ ಮಾಡಿ ಗೋಗರೆದ. ನಾನು ಅವನಿಗೆ ಪ್ರಾಮಾಣಿಕತೆಯ ಮೇಲೆ ಕಾಲು ಗಂಟೆ ಉಪದೇಶ ಮಾಡಿದೆ.

ಶೆಡ್ಡು ಮುಚ್ಚಿತು. ಐದು ಮಂದಿಯನ್ನು ಬಾಟಲಿ ತೊಳೆಯಲು ಹಾಕಿದರು. ದಿನವಿಡೀ ಸಾಬೂನು ನೀರಿನಲ್ಲಿ ಕೈ. ಅಕ್ಕ ಒಪ್ಪಲಿಲ್ಲ. ಸಾಸವಡದ ಹತ್ತಿರದ ಒಂದು ಸಣ್ಣ ನರ್ಸರಿಗೆ ಹೋಗುತ್ತೇನೆಂದು ತನ್ನ ಡಬ್ಬಿ, ಛತ್ರಿ, ಮೇಜಿನ ಮೇಲಿನ ವಿಠೋಬನ ಫೋಟೋ ಎತ್ತಿಕೊಂಡಳು. ನನ್ನ ಕಿಟಕಿಗೆ ಬಂದು ಹೇಳಿದ್ದು ಒಂದೇ ಮಾತು: "ಪುಡಿ ಹಸನ ಮಾಡಿದ್ದಕ್ಕ ಭಾಳ ಉಪಕಾರ ಆತ್ರಿ ಸರ್ರ."

ಎಂಥ ದೊಡ್ಡ ಮನಸ್ಸು ಎಂದು ನಾನು ಮನೆಯಲ್ಲಿ ಹೆಂಡತಿಗೆ ಹೇಳಿ ಹೊಗಳಿದೆ.

೬. ಮೊಸರು

ತಿಂಗಳ ಮೇಲೆ ನನ್ನ ಹೆಂಡತಿ ವಾಕಡದಲ್ಲಿರುವ ಮಗಳ ಮನೆಗೆ ಹೋದಳು. ಹೋಗುವಾಗ, "ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕ್ರಿ. ಹೆಪ್ಪು ಫ್ರಿಜ್ಜಿನ್ಯಾಗ ಅದ" ಎಂದಿದ್ದಳು. ಫ್ರಿಜ್ಜು ತೆಗೆದು ನೋಡಿದೆ. ವಾಟಿಯ ತಳದಲ್ಲಿ ಎರಡು ದಿನದ ಹಳೆಯ ಮೊಸರು. ಅದನ್ನು ಹಾಗೇ ಹಾಲಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಅದನ್ನೂ ಒಂದು ಕುದಿ ಕುದಿಸಿ, ಆರಿಸಿ ಹಾಕಿದೆ. ಮರುದಿನ ಮುಂಜಾನೆ ನೋಡಿದರೆ ಹಾಲು ಹಾಲಾಗಿಯೇ ಇತ್ತು.

ಫೋನ್ ಮಾಡಿ ಹೆಂಡತಿಯ ಮೇಲೆ ರೇಗಿದೆ. "ಎಂಥಾ ಹೆಪ್ಪು ಇಟ್ಟು ಹೋಗೀದಿ? ಚಲೋ ಕುದಿಸಿ ಹಾಕಿದರೂ ಮೊಸರ ಆಗಿಲ್ಲ."

 ಆ ಕಡೆ ಅವಳು ಮಗಳನ್ನು ಕರೆದಳು, ಅಳಿಯನನ್ನು ಕರೆದಳು, ಫೋನ್ ಸ್ಪೀಕರಿಗೆ ಹಾಕಿದಳು. "ಇನ್ನೊಮ್ಮೆ ಹೇಳ್ರಿ. ಹೆಪ್ಪಿಗೆ ಏನ ಮಾಡಿದ್ರಿ?" ಮೂವರೂ ನಗುವುದು ಕೇಳಿಸುತ್ತಿತ್ತು. "ಅಲ್ರೀ, ಹೆಪ್ಪನ್ನ ಕುದಿಸಿದ್ರ ಅದರಾಗ ಜೀವ ಎಲ್ಲಿಂದ ಇರಬೇಕ್ರಿ? ಇಷ್ಟು ವರ್ಷ ಅಲ್ಲಿ ಏನ ಕಲತ್ರಿ?"

ನಾನು ನಗಲಿಲ್ಲ. ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ಹಾಗೇ ನಿಂತೆ. ಬಟ್ಟೆ ಚೀಲ, ಬಿಳಿ ಟೇಪು, ಕರಿ ಗೆರೆ, ಕೆಳಗೆ ನನ್ನ ಸಹಿ, ಎಲ್ಲ ಕಣ್ಣ ಮುಂದೆ ಬಂತು. ಆ ಪುಡಿಯಲ್ಲಿ ಲಕ್ಷಾಂತರ ಜೀವ ಇದ್ದವು. ಅವನ್ನು ಬೇಯಿಸಿದವನು ನಾನು. ಆ ಬೆಂಚನ್ನು ಕೊಂದವನು ನಾನು. ಅಷ್ಟು ಸ್ವಚ್ಛವಾದ ಪ್ಲೇಟು ಹಿಡಿದು ಕುಣಿದವನೂ ನಾನೇ.

ಆ ದಿನವೇ ಹೋಗಿ ಮಾಲಕರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಸಭೆಯಲ್ಲಿ ಎದ್ದು ವಿರೋಧ ಮಾಡಿದವನು ತಾನೇ ಪುಡಿಯನ್ನು ಬೇಯಿಸಿದ ಅಂದರೆ ಮರೆತು ಮಾಡಿದ ಎಂದು ಯಾರು ನಂಬುತ್ತಾರೆ? ಬೇಕೆಂದೇ ಮಾಡಿದ ಅನ್ನುತ್ತಾರೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬಾಟಲಿ ತೊಳೆಯುವ ಜಾಗದ ಮುಂದಿನಿಂದ ಹೋಗುವುದನ್ನು ಬಿಟ್ಟು ಸುತ್ತು ಹಾಕಿ ಹೋಗತೊಡಗಿದೆ. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವುದೇ ಆಯಿತು. ನನಗೆ ಆ ಎರಡು ವರ್ಷದ ನಾಚಿಕೆ ಈಗಲೂ ಆರಿಲ್ಲ.

ಹೆಂಡತಿ ಊರೆಲ್ಲ ಈ ಮೊಸರಿನ ಕಥೆ ಹೇಳಿ ನಗಿಸುತ್ತಿದ್ದಳು. ಅರ್ಧವನ್ನೇ ಹೇಳುತ್ತಿದ್ದಳು, ಪಾಪ. ಉಳಿದರ್ಧ ಅವಳಿಗೂ ಗೊತ್ತಿರಲಿಲ್ಲ.

೭. ಬಾಟಲಿ ಗಿಡ

ನಿವೃತ್ತನಾದ ಮೇಲೆ ಒಂದು ದಿನ ಮನಸ್ಸು ಗಟ್ಟಿ ಮಾಡಿ ಸಾಸವಡಕ್ಕೆ ಬಸ್ಸು ಹತ್ತಿದೆ. ನರ್ಸರಿ ಹುಡುಕುವುದು ಕಷ್ಟವಾಗಲಿಲ್ಲ. ದೂರದಿಂದಲೇ ಅಕ್ಕನ ದನಿ ಕೇಳುತ್ತಿತ್ತು. ಬೆಂಚುಗಳ ತುಂಬ ದಾಳಿಂಬೆ, ಮೊಣಕಾಲೆತ್ತರ, ಮಿರಮಿರ ಮಿಂಚುವ ಎಲೆ. ನಮ್ಮ ಪ್ರಯೋಗಶಾಲೆಯ ಬಾಟಲಿ ಗಿಡಗಳೇ ಈಗ ಅಲ್ಲಿಗೆ ಬರುತ್ತವಂತೆ. ಅದೇ ಪುಡಿ, ಅದೇ ಪುಡಿಯವನು.

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿಬಿಟ್ಟೆ. ಕುಕ್ಕರು, ಪ್ಲೇಟು, ಮೊಸರು, ಎರಡು ವರ್ಷದ ಸುಮ್ಮನಿರುವಿಕೆ. 

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ವಿಠೋಬನ ಫೋಟೋ ತಂದು ತಿರುಗಿಸಿ ತೋರಿಸಿದಳು. ಹಿಂದೆ ಒಂದು ಟೇಪಿನ ತುಂಡು ಅಂಟಿತ್ತು. ಕರಿ ಗೆರೆ, ತಾರೀಖು, ನನ್ನ ಸಹಿ.

"ಹೊಂಟ ದಿನ ಚೀಲಾ ಝಾಡಿಸುವಾಗ ಕಂಡಿತ್ರಿ. ದಿನಾ ನಾರಿನ ಚೀಲದ ಮ್ಯಾಲ ಇಂಥಾ ಟೇಪ ನೋಡಿ ನೋಡಿ, ಅವತ್ತ ನನ್ನ ಕಣ್ಣಿಗೂ ಹತ್ತಿರಲಿಲ್ಲ. ನನ್ನದೂ ತಪ್ಪ ಅದ."

"ಗೊತ್ತಿದ್ದೂ ಸಾಹೇಬ್ರಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ನೌಕರಿ ಹೋಗ್ತಿತ್ತು. ನಾ ಎಲ್ಲಿ ಹೋದ್ರೂ ಬೇರು ಬಿಡ್ತೀನ್ರಿ, ಮಣ್ಣಾಗ ಬೆಳದಾಕಿ. ನೀವು ಹೊರಗ ಬಂದಿದ್ರ ಎರಡು ವಾರ ತಾಳತಿದ್ದಿಲ್ಲ. ನೀವೂ ಬಾಟ್ಲಿ ಗಿಡಾನ."

ಕೆಲಸದ ಹೆಣ್ಣುಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಹಗುರಾಯಿತು ಅಂದುಕೊಳ್ಳುವಷ್ಟರಲ್ಲಿ ಆಕೆ ನಗು ನಿಲ್ಲಿಸಿದಳು.

"ನನ್ನ ಪಾಲಿಂದು ನಾ ಅವತ್ತ ಬಿಟ್ಟೆ. ಆದ್ರ ಉಳಿದ ಐದು ಮಂದಿ ಇನ್ನೂ ಬಾಟ್ಲಿ ತಿಕ್ಕಾಕತ್ತಾರ. ಅವರ ಪಾಲಿಂದು ಬಿಡಾಕ ನಾ ಯಾರ್ರಿ? ಹೋಗಿ ಸಾಹೇಬ್ರಿಗೆ ಹೇಳ್ರಿ."

ಮಜ್ಜಿಗೆ ಕೊಟ್ಟಳು. ಲೋಟದ ಅಂಚನ್ನು ನನ್ನ ಕರವಸ್ತ್ರ ತಾನಾಗಿ ಒರೆಸತೊಡಗಿತು. ಆಕೆ ನೋಡಿದಳು. "ಮಜ್ಜಿಗಿ ಕುದಿಸಿ ತರ್ಲೇನ್ರಿ ಸರ್ರ?"

೮. ಕಾಗದ

ಎದುರಿಗೆ ನಿಂತು ಹೇಳುವ ಧೈರ್ಯ ನನಗೆ ಆಗಲೂ ಬರಲಿಲ್ಲ. ಕಾಗದ ಬರೆದೆ. ನಾಲ್ಕು ಪುಟ, ಶಾಯಿ ಪೆನ್ನಿನಲ್ಲಿ, ನನ್ನ ಕೈಲಾದ ಒಳ್ಳೆಯ ಮರಾಠಿಯಲ್ಲಿ. ಮೂರು ಸಲ ಹರಿದು ನಾಲ್ಕನೆಯ ಸಲ ಸರಿಯಾಯಿತು. ಏನು ಮಾಡಿದೆ, ಹೇಗೆ ಮುಚ್ಚಿಟ್ಟೆ, ಪುಡಿಯವನದು ತಪ್ಪಿಲ್ಲ, ಅಕ್ಕನದು ತಪ್ಪಿಲ್ಲ, ಆ ಐದು ಮಂದಿಗೆ ಶೆಡ್ಡು ವಾಪಸು ಕೊಡಿ ಎಂದು ಕೈ ಮುಗಿದು ಬರೆದಿದ್ದೆ. ಇಷ್ಟು ವರ್ಷದಲ್ಲಿ ನಾನು ಬರೆದ ನಿಜವಾದ ವರದಿ ಅದೊಂದೇ.

ಗೇಟಿನಲ್ಲಿ ಅಕ್ಕನ ಗಂಡನೇ ಇದ್ದ. "ಒಳಗ ಹೋಗ್ರಿ ಸರ್ರ, ಸಾಹೇಬ್ರು ಅದಾರ."

"ಬ್ಯಾಡಪ್ಪಾ. ಇದೊಂದು ಮುಟ್ಟಿಸಿಬಿಡು" ಎಂದು ಲಕೋಟೆ ಅವನ ಕೈಗೆ ಕೊಟ್ಟು, ಹಿಂತಿರುಗಿ ನೋಡದೆ ಬಸ್ಸು ಹತ್ತಿದೆ.

ಎರಡು ದಿನ ಫೋನಿನ ಪಕ್ಕದಲ್ಲೇ ಕೂತೆ. ಮೂರನೆಯ ದಿನ ಬೆಳಿಗ್ಗೆ ಮಾಲಕರ ಫೋನು ಬಂತು.

"ನೀವು ವಾಚ್‌ಮನ್ ಕೈಲಿ ಕೊಟ್ಟ ಕಾಗದ ಬಂತು" ಎಂದರು.

"ಓದಿದಿರಾ ಸಾಹೇಬರೇ?" ಎಂದೆ.

"ಹೇಗೆ ಓದಲಿ? ನಾಲ್ಕು ಹಾಳೆ, ನಾಲ್ಕೂ ಹಪ್ಪಳದ ಹಾಗೆ ಮುದುರಿವೆ. ಶಾಯಿ ಎಲ್ಲ ಹರಿದು ನೀಲಿ ನೀರಾಗಿದೆ. ಒಂದು ಅಕ್ಷರವೂ ಬದುಕಿಲ್ಲ. ಲಕೋಟೆಯ ಮೇಲೆ ಟೇಪು ಇದೆ. ಕರಿ ಗೆರೆ, ತಾರೀಖು, ಸಹಿ."

ನೆನಪಾಯಿತು. ಮಾಲಕರ ಕೋಣೆಯನ್ನು ಕೊರೋನಾ ಕಾಲದಲ್ಲಿ ಸ್ವಚ್ಛ ಕೋಣೆಗಳ ಸಾಲಿಗೇ ಸೇರಿಸಿದ್ದೆವು. ಹೊರಗಿನ ಕಾಗದಪತ್ರವೂ ಕುಕ್ಕರ್ ಏರಿಯೇ ಒಳಗೆ ಹೋಗತಕ್ಕದ್ದು ಎಂದು ಗೋಡೆಗೆ ನಿಯಮ ಅಂಟಿಸಿದವನು ನಾನು. ಆಫೀಸಿನವರು ಬುದ್ಧಿವಂತರು, ಕಾಗದದ ಫೋಟೋ ತೆಗೆದು ಫೋನಿನಲ್ಲೇ ಕಳಿಸುತ್ತಿದ್ದರು. ನನ್ನ ಜಾಗಕ್ಕೆ ಬಂದವನನ್ನು ಆರು ತಿಂಗಳು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಯಾರದೇ ಇರಲಿ, ಏನೇ ಇರಲಿ, ಯೋಚನೆ ಮಾಡಬೇಡ, ಹಾಕು" ಎಂದು ತಯಾರು ಮಾಡಿದವನೂ ನಾನು. ಮಾಡಿದ್ದುಣ್ಣೋ ಮಹಾರಾಯ.

"ಏನು ಬರೆದಿದ್ದಿರಿ?" ಎಂದು ಮಾಲಕರು ಕೇಳಿದರು.

ಹೆಂಡತಿ ಚಹಾ ಹಿಡಿದು ಎದುರಿಗೆ ನಿಂತಿದ್ದಳು. ಇನ್ನು ಓಡಲು ಜಾಗವಿರಲಿಲ್ಲ. ಹೇಳಿದೆ. ಮೊದಲಿಂದ ಕೊನೆಯವರೆಗೆ, ಒಂದನ್ನೂ ಹಾರಿಸದೆ. ಮೊಸರಿನ ಉಳಿದರ್ಧವನ್ನು ಅವಳೂ ಆಗಲೇ ಕೇಳಿದಳು. ಚಹಾ ಅವಳ ಕೈಯಲ್ಲೇ ತಣ್ಣಗಾಯಿತು.  ಮಾಲಕರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಸೋಮವಾರ ಬನ್ನಿ" ಎಂದರು ಕೊನೆಗೆ. "ಶೆಡ್ಡಿನ ವಿಚಾರ ಆಮೇಲೆ. ಮೊದಲು ಆ ಐದು ಮಂದಿಯ ಎದುರು ನಿಂತು ಇದನ್ನೇ ಹೇಳಿ."

"ಬರುತ್ತೇನೆ ಸಾಹೇಬರೇ."

"ಮತ್ತೆ ಕೇಳಿ," ಎಂದರು, "ಬರೆದು ತರಬೇಡಿ."